ಬೀಗ ಹಾಕಿಟ್ಟ ಟೇಪ್ ರೆಕಾರ್ಡರ್

ಗಂಡ ಕುವೈತಿಗೆ ಹೋದ ಎರಡನೆಯ ವರ್ಷ, ಊರಿಗೆ ಬರುವವರ ಕೈಲಿ ಒಂದು ಟೇಪ್ ರೆಕಾರ್ಡರ್ ಕಳಿಸಿದರು. ಜೊತೆಗೆ ಅವರೇ ಮಾತಾಡಿದ್ದ ಒಂದು ಕ್ಯಾಸೆಟ್. ತಾಂಡೂರಿನ ನಮ್ಮ ಓಣಿಯಲ್ಲಿ ಅಂಥದ್ದು ಮತ್ತೊಂದಿರಲಿಲ್ಲ. ಮೊದಲ ದಿನ ಮಗಳೂ ನಾನೂ ಕೂತು ಕೇಳಿದೆವು. ಮುಗಿದೊಡನೆ ಹದಿನೈದರ ಅವಳು ಕೈಚಾಚಿದಳು.

"ಮುಟ್ಟಬ್ಯಾಡ. ನಿನ್ನ ಕೈಯಾಗ ಸ್ಟೀಲ್ ಲೋಟಾನೂ ನಿಲ್ಲಂಗಿಲ್ಲ," ಎಂದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಪಿಯಾನೊ ಮುಚ್ಚಿಡುತ್ತಿದ್ದ ಹಾಗೆ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ.

ಮಧ್ಯಾಹ್ನ ಅವಳು ಶಾಲೆಯಲ್ಲಿರುವಾಗ ನಾನೊಬ್ಬಳೇ ಹೊರತೆಗೆದು ಕೇಳುತ್ತಿದ್ದೆ. ಆ ಧ್ವನಿ ಮುಗಿಯುವವರೆಗೆ ಮನೆಯಲ್ಲಿ ಇಬ್ಬರಿದ್ದಂತೆ ಅನ್ನಿಸುತ್ತಿತ್ತು. ಒಂದು ದಿನ ತಿಳಿಯದೆ ಪಕ್ಕದ ಕೆಂಪು ಗುಂಡಿಯನ್ನೂ ಸೇರಿಸಿ ಒತ್ತಿಬಿಟ್ಟೆ. ಗಾಲಿ ತಿರುಗುತ್ತಿತ್ತು, ಧ್ವನಿಯಿಲ್ಲ. ಈಗ ಬಂದೀತೆಂದು ಕಾಯುತ್ತಲೇ ಕೂತೆ. ಆಮೇಲೆ ಹಿಂದಕ್ಕೆ ತಿರುಗಿಸಿ ಕೇಳಿದರೆ, ಅವರ ಮಾತಿದ್ದ ಜಾಗದಲ್ಲಿ ನನ್ನ ಬಳೆಗಳ ಸಪ್ಪಳ, ಹೊರಗಿನ ಕಾಗೆ.

ಸಂಜೆ ಮಗಳಿಗೆ ತಲೆ ತಗ್ಗಿಸಿಯೇ ಹೇಳಿದೆ. ಅವಳು ಕ್ಯಾಸೆಟ್ಟಿನ ಅಂಚಿಗಿದ್ದ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಹೇರ್‌ಪಿನ್ನಿನಿಂದ ಮುರಿದಳು.

"ಇವು ಮುರದ್ರ ಅದರ ಮ್ಯಾಲೆ ಮತ್ತ ಟೇಪ್ ಆಗಂಗಿಲ್ಲವ್ವಾ. ಗೆಳತಿ ಮನ್ಯಾಗ ನೋಡೀನಿ. ಕೇಳಿದ್ರ ಅವತ್ತೇ ಹೇಳ್ತಿದ್ದೆ."

"ಏನಾರ ಉಳದದೇನು?"

"ಕಡೀಗೆ ಸ್ವಲ್ಪ ಇರಬೇಕು."

"ನೀನೇ ಹಚ್ಚು," ಎಂದೆ.

ಧ್ವನಿ ಅರ್ಧ ಮಾತಿನಿಂದ ಶುರುವಾಯಿತು; ಅವರು ಮಗಳ ಓದು ಹೇಗೆ ನಡೆದಿದೆಯೆಂದು ಕೇಳಿದರು. ಅವಳು ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕೂತಿದ್ದಳು. ನಾನು ಎಷ್ಟೋ ಸಲ ಕೇಳಿದ್ದ ಆ ಧ್ವನಿಯನ್ನು ಅವಳು ಕೇಳುತ್ತಿದ್ದುದು ಅದು ಎರಡನೆಯ ಸಲ.