ನಾಳೆಗೆ ಉಳಿಸಿದ ಪದ

ಅಕ್ಕನ ಮೆಸೇಜು ಬಾರದ ಬೆಳಗುಗಳು ನನಗೆ ಇನ್ನೂ ರೂಢಿಯಾಗಿಲ್ಲ. ಒಲೆಯ ಮೇಲೆ ಚಹಾ ಇಟ್ಟ ಕೂಡಲೇ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಗದ್ವಾಲದಿಂದ ಅವಳು ದಿನಾ ಬೆಳಿಗ್ಗೆ ಆರೇಳು ಇಂಗ್ಲಿಷ್ ಅಕ್ಷರ ಬರೆದು ಕಳಿಸುತ್ತಿದ್ದಳು. ನಾರಾಯಣಪೇಟೆಯಲ್ಲಿ ಕೂತು ನಾನು ಅವುಗಳಿಂದ ಪದ ಕಟ್ಟಬೇಕು. ಒಂದು ನಾನು, ಒಂದು ಅವಳು, ಹೀಗೆ ಸಂಜೆಯವರೆಗೆ. ನಡುನಡುವೆ ಅಡುಗೆ, ಮಗ್ಗ, ಸಂತೆ, ಮನೆಗೆ ಬಂದವರ ಮಾತು.

ಈ ಹುಚ್ಚು ಹತ್ತಿದ್ದು ಚಿಕ್ಕವರಿದ್ದಾಗ. ನಮ್ಮದು ನೇಕಾರರ ಮನೆ. ನೂಲಿನ ಕಟ್ಟಿಗೆ ಅಂಟಿಸಿದ ಚೀಟಿಯ ಮೇಲೆ ‘ಮರ್ಸರೈಸ್ಡ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಅದರ ಅರ್ಥ ನಮಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಆದರೆ ಆ ಉದ್ದನೆಯ ಪದವನ್ನು ಬಿಡಿಸಿ ಜೋಡಿಸಿದರೆ ಅದರೊಳಗಿಂದ ರೈಸ್ ಬರುತ್ತದೆ, ಐಸ್ ಬರುತ್ತದೆ, ರೆಡ್ ಬರುತ್ತದೆ ಎಂದು ಅಕ್ಕ ಕಂಡುಹಿಡಿದಳು. ನಮ್ಮ ಶಾಲೆಯ ಇಂಗ್ಲಿಷು ಅಷ್ಟಕ್ಕಷ್ಟೇ. ಸಿಕ್ಕ ಪದ ಸರಿಯೋ ತಪ್ಪೋ ಎಂದು ತೀರ್ಮಾನಿಸುವವಳೂ ಅವಳೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

“ಡೆಸ್ ಅಂತ ಪದ ಐತಿ. ನಿನಗ ತಿಳಿಯಂಗಿಲ್ಲ, ಸುಮ್ಮಿರು” ಅನ್ನುತ್ತಿದ್ದಳು. ನಾನು ಚಿವುಟುತ್ತಿದ್ದೆ. ಅವ್ವ ಇಬ್ಬರಿಗೂ ಒಂದೊಂದು ಕೊಡುತ್ತಿದ್ದಳು.

ಆಟಕ್ಕೆ ಇದ್ದದ್ದು ಒಂದೇ ನಿಯಮ, ಅದೂ ಮಗ್ಗದಿಂದ ಬಂದದ್ದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಯಾರೂ ಕೊನೆಯವರೆಗೆ ನೇಯುವುದಿಲ್ಲ. ಒಂದು ಗೇಣು ಬಿಡುತ್ತಾರೆ. ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದ ಆ ಹಳೆಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಕೂಡಿಸುವುದು ಹೆಂಗಸರ ಕೆಲಸ. ಎಲ್ಲ ನೇಯ್ದು ಮುಗಿಸಿದರೆ ಮತ್ತೆ ಮೊದಲಿನಿಂದ ಪ್ರತಿ ಎಳೆಯನ್ನೂ ಹಣಿಗೆಯ ಸಂದಿಯಲ್ಲಿ ತೂರಿಸಬೇಕು. ಮಗ್ಗ ಬರಿದು ಮಾಡಬಾರದು ಎಂದು ಅವ್ವ ಹೇಳುತ್ತಿದ್ದಳು. ಅಕ್ಕ ಅದನ್ನೇ ಆಟಕ್ಕೂ ತಂದಳು. ಸಂಜೆಗೆ ಉಳಿದ ಕೊನೆಯ ಪದ ಇಬ್ಬರಿಗೂ ಹೊಳೆದಿದ್ದರೂ ಹೇಳುವಂತಿಲ್ಲ.

“ಎಲ್ಲಾ ಮುಗಿಸಬ್ಯಾಡ ಹುಚ್ಚಿ. ಒಂದು ಇರ್ಲಿ, ನಾಳಿಗಿ.”

ಮರುದಿನ ಆ ಪದ ಹೇಳಿದ ಮೇಲೆಯೇ ಹೊಸ ಅಕ್ಷರ. ಅವಳು ಮದುವೆಯಾಗಿ ಗದ್ವಾಲದ ನೇಕಾರರ ಮನೆ ಸೇರಿದ ಮೇಲೆ ಆಟ ನಿಂತೇ ಹೋಗಿತ್ತು. ಇಬ್ಬರ ಕೈಗೂ ಫೋನು ಬಂದಾಗ ನಡುವೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಯಿತು. ಅಕ್ಷರಗಳ ಹಿಂದೆಯೇ ವಾಯ್ಸ್ ಮೆಸೇಜಿನಲ್ಲಿ ಅವಳ ದನಿಯೂ ಬರುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮಕ್ಕನಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು. ಆ ಜಗಳಕ್ಕಾಗಿ ನಾನು ಈಗ ಎಷ್ಟು ಹಂಬಲಿಸುತ್ತೇನೆಂದು ಅವಳಿಗೆ ತಿಳಿದರೆ ನಗುತ್ತಾಳೆ.

ಅವಳು ಕೊನೆಯದಾಗಿ ಕಳಿಸಿದ ಅಕ್ಷರಗಳು ಎಂ, ಎ, ಆರ್, ಕೆ, ಇ, ಟಿ. ಮಾರ್ಕೆಟ್ ಇಬ್ಬರಿಗೂ ಒಟ್ಟಿಗೇ ಕಂಡಿತು. ಆಮೇಲೆ ಮಾರ್ಕ್, ಮೇಕ್, ಟೀ, ಟೀಮ್, ಮ್ಯಾಟ್. ಟೇಕ್ ಉಳಿಯಿತು. ಮರುದಿನ ಬೆಳಿಗ್ಗೆ ಎದ್ದು ಅದನ್ನು ಬರೆದು ಕಳಿಸಿದೆ, ಸೋಮಾರಿ ಏಳು ಎಂದೂ ಸೇರಿಸಿದೆ. ಮೆಸೇಜಿನ ಪಕ್ಕದ ಗುರುತು ನೀಲಿಯಾಗಲೇ ಇಲ್ಲ. ಮಧ್ಯಾಹ್ನ ಭಾವ ಫೋನ್ ಮಾಡಿದರು. ಹಾಸಿಗೆಯಿಂದ ಏಳುವಾಗ ಬಿದ್ದಳಂತೆ. ಬಲಗೈ, ಬಲಗಾಲು ಹೋಗಿದ್ದವು, ಮಾತೂ ಹೋಗಿತ್ತು.

ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಬಿಡುವಾದಾಗಲೆಲ್ಲ ಹೋಗಿಬರುತ್ತಿದ್ದೆ. ಮಕ್ತಲದಲ್ಲಿ ಬಸ್ಸು ಬದಲಿಸಿ, ಜುರಾಲ ಅಣೆಕಟ್ಟಿನ ನೀರು ದಾಟಿ, ಧರೂರಿನ ಗದ್ದೆಗಳನ್ನು ನೋಡುತ್ತ ಕೂತರೆ ಬಾಯಲ್ಲಿ ಅವಳಿಗೆ ಹೇಳಬೇಕಾದ್ದೆಲ್ಲ ಸಾಲುಗಟ್ಟುತ್ತಿತ್ತು. ಎದುರಿಗೆ ಹೋದರೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ, “ಅದ.” ನೀರು ಬೇಕಾದರೂ ಅದ, ಸಿಟ್ಟು ಬಂದರೂ ಅದ. ಎಷ್ಟು ತಿಳಿಯುತ್ತದೆ, ಎಷ್ಟು ನೆನಪಿದೆ ಹೇಳಲಾಗದು ಎಂದು ಡಾಕ್ಟರು ಅಂದಿದ್ದರು. ಮಾತು ಹೋದರೆ ಹೋಗಲಿ, ನನ್ನ ಅಕ್ಕ ಒಳಗೆ ಇದ್ದಾಳೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕಿತ್ತು ನನಗೆ.

ಹಳೆಯ ಲಗ್ನಪತ್ರಿಕೆ ಕತ್ತರಿಸಿ ಅಕ್ಷರ ಬರೆದು ಒಯ್ದೆ. ಅದೇ ಆರು ಅಕ್ಷರ. ಮೊದಲ ಸಲ ಅವಳು ಎಡಗೈಯಿಂದ ಎಲ್ಲವನ್ನೂ ನೆಲಕ್ಕೆ ಸರಿಸಿಬಿಟ್ಟಳು. ವಾಪಸು ಬರುವಾಗ ಮಕ್ತಲದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ. ಪಕ್ಕದ ಹೆಂಗಸು ತೆಲುಗಿನಲ್ಲಿ ಏನಾಯ್ತಮ್ಮ ಎಂದು ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನಾರಾಯಣಪೇಟೆಯ ಬಸ್ಸು ಹತ್ತಿದೆ.

ಮುಂದಿನ ಸಲ ಹೋದಾಗ ಅವಳು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈಯ ಬೆರಳಿಂದ ಮೂರನ್ನು ಎಳೆದಳು. ಟಿ, ಇ, ಎ.

“ಚಾ ಕೇಳಾಕತ್ಯಾಳ ಆಕಿ!” ಎಂದು ಭಾವ ಅಡುಗೆಮನೆಗೆ ಓಡಿದರು. ನನಗೆ ನಂಬಿಕೆ ಬರಲಿಲ್ಲ. ಕೈಗೆ ಸಿಕ್ಕ ಮೂರು ಹಾಗೆ ಕೂತಿರಬಹುದು. ಅವಳಿಗೆ ನೆನಪು ತರಲೆಂದು ನಾನೇ ಜೋಡಿಸತೊಡಗಿದೆ. ಮಾರ್ಕ್ ಮಾಡಿ ಕಲೆಸಿದೆ, ಮೇಕ್ ಮಾಡಿ ಕಲೆಸಿದೆ. ಟೀಮ್, ಮ್ಯಾಟ್, ಮಾರ್ಕೆಟ್. ಆಸೆ ಹೆಚ್ಚಾಗಿ ಕೈ ಅವಸರ ಮಾಡುತ್ತಿತ್ತು. ಉಳಿದದ್ದು ಟೇಕ್. ನಾನು ಟಿ ಹಿಡಿದು ಎ ಕಡೆ ಕೈ ಚಾಚಿದೆ.

ಅವಳ ಎಡ ಅಂಗೈ ಅಕ್ಷರಗಳ ಮೇಲೆ ಬಿತ್ತು. ಎಳೆದೆ, ಬಿಡಲಿಲ್ಲ. ಮತ್ತೆ ಸಿಟ್ಟು ಬಂತೆಂದು ಮುಖ ನೋಡಿದೆ. ಸಿಟ್ಟಿರಲಿಲ್ಲ. ಡೆಸ್ ಅಂತ ಪದ ಐತಿ ಎಂದವಳ ಹಟವಿತ್ತು.

“ಇದು ಇರ್ಲೇನು ಅಕ್ಕ?” ಎಂದೆ. “ನಾಳಿಗಿ?”

“ಅದ,” ಎಂದಳು. ಅಂಗೈ ಸಡಿಲಿಸಿದಳು.

ಭಾವ ಚಹಾದ ಕಪ್ಪು ಹಿಡಿದು ಬಂದರು. ಮಕ್ತಲಕ್ಕೆ ಹೋಗುವ ಕೊನೆಯ ಬಸ್ಸಿಗೆ ಹೊತ್ತಾಯಿತು, ಬೇಗ ಕುಡಿದು ಹೊರಡು ಎಂದರು. ನಾನು ಅಕ್ಷರಗಳನ್ನು ಕೂಡಿಸಿ ಅವಳ ದಿಂಬಿನ ಕೆಳಗಿಟ್ಟೆ.

“ಬಸ್ಸು ಹೋಗ್ಲಿ ಬಿಡ್ರಿ,” ಎಂದೆ. “ನಾಳಿಗಿ ಒಂದು ಪದ ಉಳದೈತಿ.”