ನಮ್ಮ ಓನರ್ ಎತ್ತರಿಸಿದ ಚಾವಣಿ

ನಮ್ಮ ಓನರ್‌ಗೆ ಎಡಗೈಯ ತೋರುಬೆರಳು ಅರ್ಧವೇ ಇತ್ತು. ಪೀಣ್ಯದ ಟೂಲ್‌ರೂಮಿನಲ್ಲಿ ಅಚ್ಚು ಮಾಡುವ ಕೆಲಸದಲ್ಲಿದ್ದಾಗ ಗ್ರೈಂಡಿಂಗ್ ಯಂತ್ರ ಅದರ ತುದಿಯನ್ನು ತೆಗೆದುಕೊಂಡಿತ್ತಂತೆ. ಉಳಿದ ಮೋಟು ಪಾಲಿಶ್ ಹೊಡೆದ ಹಾಗೆ ನುಣ್ಣಗಿತ್ತು. ಪುಟ್ಟ ಮಾದರಿ ಕಾರಿನ, ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಬಂಪರನ್ನು ಆ ಮೋಟಿನ ಮೇಲೆ ಕೂರಿಸಿಕೊಂಡು, ಬಲಗೈಯಲ್ಲಿ ಕುಂಚ ಹಿಡಿದು ಬೆಳ್ಳಿ ಬಣ್ಣ ಹಚ್ಚುತ್ತಿದ್ದರು. ಹೊಸಬರು ಯಾರಾದರೂ ನೋಡಿ "ಅಯ್ಯೋ" ಅಂದರೆ, "ಇಪ್ಪತ್ತೆರಡು ಮಿಲಿ ಓಗೈತೆ. ಮಿಕ್ಕಿದ್ದೆಲ್ಲ ಡ್ರಾಯಿಂಗ್ ಪ್ರಕಾರನೇ ಐತೆ" ಎನ್ನುತ್ತಿದ್ದರು.

ಅವರಿಗೂ ಹೆಸರಿತ್ತು. ಆದರೆ ಬೆಂಗಳೂರಿನಲ್ಲಿ ಬಾಡಿಗೆಗಿರುವವರ ಬಾಯಲ್ಲಿ ಮನೆ ಕೊಟ್ಟವರೆಲ್ಲ ಎದುರಿಗೆ ಅಂಕಲ್, ಮರೆಯಲ್ಲಿ ಓನರ್. ಹಾವೇರಿ ಕಡೆಯಿಂದ ಬಂದ ನಾನೂ ನನ್ನ ಗಂಡನೂ ಚಿಕ್ಕಬಾಣಾವರದ ಅವರ ಮನೆಯ ಮಹಡಿಯಲ್ಲಿ ಆರು ವರ್ಷ ಇದ್ದೆವು. ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಓನರ್ ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನರಳಲಿಲ್ಲ, ಯಾರನ್ನೂ ನರಳಿಸಲಿಲ್ಲ.

ನನಗೆ ಅವರ ನಿಜವಾದ ಪರಿಚಯವಾದದ್ದು ಒಂದು ಭಾನುವಾರ. ಮೇಲಕ್ಕೆ ನೀರು ಬರುತ್ತಿಲ್ಲ ಎಂದು ಹೇಳಲು ಕೆಳಗಿಳಿದೆ. ಹಜಾರದ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತಿದ್ದರು. ಮುಂದೆ ಒಂದು ಗೇಣು ಉದ್ದದ ಕಾರು. ಹಿಂಭಾಗದಲ್ಲಿ ಹದ್ದು ರೆಕ್ಕೆ ಬಿಚ್ಚಿದ ಹಾಗೆ ಎರಡು ರೆಕ್ಕೆ, ಮುಂದೆ ಬಾಯ್ತುಂಬ ಹಲ್ಲಿನಂಥ ಗ್ರಿಲ್.

"ಮೊಮ್ಮಕ್ಕಳಿಗೇನ್ರಿ ಅಂಕಲ್?" ಎಂದೆ.

"ಮೊಮ್ಮಕ್ಕಳು ಇದನ್ನ ಮುಟ್ಟಿದ್ರೆ ಈ ಮನೇಲಿ ಯುದ್ಧ ಆಯ್ತದೆ" ಎಂದರು. "ಇದು ಐವತ್ತೊಂಬತ್ತರ ಅಮೆರಿಕನ್ ಕಾರು ಕಣಮ್ಮ. ಇಪ್ಪತ್ತೈದರಲ್ಲಿ ಒಂದು ಪಾಲು. ಅಲ್ಲಿ ಇಪ್ಪತ್ತೈದು ಮಿಲಿ ಇದ್ರೆ ಇಲ್ಲಿ ಒಂದು ಮಿಲಿ ಇರಬೇಕು. ಇರಬೇಕು ಅಷ್ಟೆ. ಮಾಡೋರು ಇಡ್ತಾರಾ?"

ಕೈಯಲ್ಲಿದ್ದ ವರ್ನಿಯರ್ ಅಳತೆಗೋಲಿನಿಂದ ಬಂಪರಿನ ಉದ್ದ ಅಳೆದು ಪುಸ್ತಕದಲ್ಲಿ ಬರೆಯಲು ಹೋದರು. ಕೆಲಸದ ಅಭ್ಯಾಸ ಬಿಡುತ್ತದೆಯೇ? "ಝೀರೋ ನೋಡಿದ್ರೇನ್ರಿ?" ಅಂದುಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿ, ವರ್ನಿಯರನ್ನು ನನ್ನ ಕೈಗೇ ಕೊಟ್ಟರು. ದವಡೆ ಮುಚ್ಚಿ ನೋಡಿದೆ, ಸೊನ್ನೆ ಸರಿಯಾಗಿತ್ತು. ನಾನೂ ಅಳೆದೆ. ಇಬ್ಬರ ಅಂಕಿಯೂ ಒಂದೇ ಬಂತು. "ಒಬ್ಬ ಅಳದ್ರೆ ಅದು ಅವನ ಅಭಿಪ್ರಾಯ. ಇಬ್ಬರು ಅಳದ್ರೆ ಅಳತೆ. ಬಾ ಕೂತ್ಕೊ" ಎಂದರು. ನೀರಿನ ವಿಷಯ ನಾನೂ ಮರೆತೆ, ಅವರೂ ಮರೆತರು. ಮಹಡಿಯಿಂದ ಗಂಡ ಕೂಗಿದಾಗಲೇ ಮೋಟಾರ್ ಹಾಕಿದ್ದು.

ಆಮೇಲಿನ ಭಾನುವಾರಗಳಲ್ಲಿ ನಾನು ಅವರ ಎರಡನೇ ಅಳತೆಯಾದೆ. ಅವರು ಕಟ್ಟುತ್ತಿದ್ದದ್ದೆಲ್ಲ ಐವತ್ತು ಅರವತ್ತರ ದಶಕದ ಅಮೆರಿಕನ್ ಕಾರುಗಳೇ. ಡಬ್ಬಿಯಲ್ಲಿ ಬಿಡಿ ತುಂಡುಗಳ ಕಿಟ್ ಆಗಿ ಬರುತ್ತಿದ್ದವು. ಬೇರೆಯವರು ತುಂಡು ಬಿಡಿಸಿ ಅಂಟಿಸಲು ಶುರು ಮಾಡಿದರೆ, ಇವರು ತಿಂಗಳುಗಟ್ಟಲೆ ಅಳೆಯುತ್ತಿದ್ದರು. ಹಳೆಯ ಕ್ಯಾಟಲಾಗುಗಳ ಚಿತ್ರಗಳನ್ನು ಮೊಮ್ಮಗಳ ಕೈಯಿಂದ ಪ್ರಿಂಟ್ ತೆಗೆಸಿಟ್ಟುಕೊಂಡು ಗ್ರಿಲ್ಲಿನ ಹಲ್ಲು ಎಣಿಸುತ್ತಿದ್ದರು. ಹಲ್ಲು ಎರಡು ಕಡಿಮೆಯಿದ್ದರೆ ತಾವೇ ಕೆತ್ತಿ ಸೇರಿಸುತ್ತಿದ್ದರು. "ಆ ಡಬ್ಬಿ ಕಾರು ಊಟಕ್ಕೆ ಕರೀತದಾ ಕೇಳಮ್ಮ" ಎಂದು ಆಂಟಿ ಅಡುಗೆಮನೆಯಿಂದ ಕೂಗುತ್ತಿದ್ದರು.

ಅಮೆರಿಕನ್ ಕಾರೇ ಯಾಕೆ ಎಂದು ಒಮ್ಮೆ ಕೇಳಿದೆ. ಅವರಪ್ಪ ರೇಷ್ಮೆ ಮಿಲ್ಲಿನ ಸಾಹುಕಾರರೊಬ್ಬರ ಡ್ರೈವರ್ ಆಗಿದ್ದರಂತೆ. ಸಾಹುಕಾರರು ಊರಲ್ಲಿಲ್ಲದ ದಿನ ಕಾರು ತೊಳೆದ ಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತಿದ್ದರಂತೆ. "ನಮ್ಮಪ್ಪ ಬಿಳೀ ಪೇಟ ಸುತ್ಕೊಂಡು ಗೂಟ ನೆಟ್ಟಂಗೆ ಕೂತಿರೋನು. ಅಂಗೆ ಕೂತ್ಕೊಳ್ಳೋಕೆ ಸಾಹುಕಾರನಿಗೂ ಬರ್ತಿರಲಿಲ್ಲ" ಎಂದರು. ಆ ಕಾರೇ ಐವತ್ತೊಂಬತ್ತರದ್ದು.

ತಕರಾರು ಹುಟ್ಟಿದ್ದು ಅಲ್ಲೇ. ಅಪ್ಪನ ಎತ್ತರ ಅವರಿಗೆ ಗೊತ್ತಿತ್ತು, ತಮ್ಮಷ್ಟೇ. ಅದಕ್ಕೆ ಪೇಟದ ಎತ್ತರ ಸೇರಿಸಿ, ಇಪ್ಪತ್ತೈದರಿಂದ ಭಾಗಿಸಿ, ಕಿಟ್ಟಿನ ಸೀಟಿನ ಮೇಲೆ ಮೇಣದ ಗೊಂಬೆಯೊಂದನ್ನು ಕೂರಿಸಿದರು. ಗೊಂಬೆಯ ಪೇಟ ಚಾವಣಿಗೆ ತಗಲಿತು. ಲೆಕ್ಕ ಹಾಕಿ, ಕಿಟ್ ಮಾಡಿದವರು ಚಾವಣಿಯನ್ನು ಎರಡು ಮಿಲಿ ತಗ್ಗಿಸಿದ್ದಾರೆ ಎಂದು ತೀರ್ಮಾನಿಸಿದರು. "ಇಲ್ಲಿ ಎರಡು ಮಿಲಿ ಅಂದ್ರೆ ಅಲ್ಲಿ ಎರಡಿಂಚು. ಮನುಷ್ಯ ಎಲ್ಲಿ ತಲೆ ಇಟ್ಕೋಬೇಕು?" ಚಾವಣಿಯ ಕಂಬಗಳನ್ನು ಕುಯ್ದು, ಎರಡು ಮಿಲಿಯ ತುಂಡು ಸೇರಿಸಿ ಎತ್ತರಿಸಿದರು. ಗ್ರಾಫ್ ಹಾಳೆಯ ಮೇಲೆ ಅಂದವಾಗಿ ನಕ್ಷೆ ಬರೆದು, ಕಾರು ಮಾದರಿ ಕಟ್ಟುವವರ ವಾಟ್ಸಾಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಅವರ ಮಾತೆಂದರೆ ಮಾತು. ಮೂವರು ತಮ್ಮ ಕಿಟ್ಟಿನ ಚಾವಣಿಯನ್ನೂ ಹಾಗೇ ಕುಯ್ದುಕೊಂಡರು.

ನಾಲ್ಕು ತಿಂಗಳ ನಂತರ ಗುಂಪಿಗೆ ಹೊಸದಾಗಿ ಸೇರಿದವನೊಬ್ಬ ಕೇಳಿದ: "ಸಾರ್, ಒರಿಜಿನಲ್ ಕಾರನ್ನ ಅಳತೆ ಮಾಡಿದ್ದೀರಾ?"

ಓನರ್ ಇಡೀ ದಿನ ಸಿಡಿಮಿಡಿಗೊಂಡರು. "ನಿನ್ನೆ ಬಂದೋನು ನನ್ನ ಕೇಳ್ತಾನೆ!" ಮರುದಿನ ನಾನು ಕೆಲಸದಿಂದ ಬರುವಾಗ ಗೇಟಿನಲ್ಲೇ ನಿಂತಿದ್ದರು. "ಅವನು ಕೇಳಿದ್ದು ಸರಿ ಕಣಮ್ಮ. ವೈಟ್‌ಫೀಲ್ಡ್‌ನಲ್ಲಿ ಅದೇ ಕಾರು ಒಂದು ಐತಂತೆ. ಅವನೇ ವಿಳಾಸ ಕೊಟ್ಟ. ಭಾನುವಾರ ಓಗೋಣ, ಎರಡನೇ ಅಳತೆಗೆ ನೀನು ಬೇಕು."

ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕೊನೆಯ ನಿಲ್ದಾಣ ಕಾಡುಗೋಡಿಯಲ್ಲಿ ಇಳಿದೆವು. ಅವರ ಬ್ಯಾಗಿನಲ್ಲಿ ಟೇಪು, ರಸಮಟ್ಟ, ಮೂಲೆಮಟ್ಟ, ಪುಸ್ತಕ, ಒಂದು ಬಿಳಿ ಟವೆಲ್. ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ತೊಟ್ಟಿದ್ದರು. ಅಪಾರ್ಟ್‌ಮೆಂಟುಗಳ ನಡುವೆ ಉಳಿದುಕೊಂಡ ಹಳೆಯ ಬಂಗಲೆಯ ಶೆಡ್ಡಿನಲ್ಲಿ ಕಾರು ಇತ್ತು. ಮನೆಯ ಮೇಡಂ ತಾವೇ ಹೊದಿಕೆ ತೆಗೆದರು. ಅವರ ಗಂಡ ಬಿಟ್ಟುಹೋದ ಕಾರಂತೆ. "ಬರೋರೆಲ್ಲ ಸೆಲ್ಫಿ ತಗೊಂಡು ಹೋಗ್ತಾರೆ. ಟೇಪ್ ತಂದಿರೋರು ನೀವೇ ಮೊದಲು" ಎಂದು ನಕ್ಕರು.

ಕಿಟಕಿಯ ಕೆಳಗಂಚಿನಿಂದ ಚಾವಣಿಯ ನೆತ್ತಿಗೆ ಓನರ್ ಅಳೆದರು. ನನಗೆ ಹೇಳದೆ ಪುಸ್ತಕದಲ್ಲಿ ಬರೆದು ಮುಚ್ಚಿಟ್ಟರು. ಟೇಪನ್ನು ನನಗೆ ಕೊಟ್ಟರು. ನಾನು ಅಳೆದೆ.

"ನಾನೂರಾ ಎರಡು ರಿ."

ಅವರು ಪುಸ್ತಕ ತೆರೆದು ತೋರಿಸಿದರು. ನಾನೂರಾ ಎರಡು. ಇಪ್ಪತ್ತೈದರಿಂದ ಭಾಗಿಸಿದರೆ ಹದಿನಾರು ಮಿಲಿ ಚಿಲ್ಲರೆ. ಡಬ್ಬಿಯಿಂದ ಬಂದ ಕಿಟ್ಟಿನಲ್ಲಿ ಇದ್ದದ್ದೂ ಅದೇ. ಅವರು ಕುಯ್ದು ಎತ್ತರಿಸಿದ್ದೇ ತಪ್ಪು.

ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು. ಆಮೇಲೆ, "ಒಳಗೆ ಕೂತ್ಕೊಬಹುದಾ ಮೇಡಂ?" ಎಂದು ಕೇಳಿದರು. ಮೇಡಂ ಬಾಗಿಲು ತೆಗೆದುಕೊಟ್ಟರು. ಓನರ್ ಟವೆಲ್ಲನ್ನು ತಲೆಗೆ ಪೇಟದ ಹಾಗೆ ಸುತ್ತಿಕೊಂಡು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತರು. ಪೇಟ ಚಾವಣಿಗೆ ಒತ್ತಿ ಕಣ್ಣಿನ ಮೇಲೆ ಜಾರಿತು. ಸರಿಮಾಡಿಕೊಂಡು ಮತ್ತೆ ಕೂತರು. ಮತ್ತೆ ಜಾರಿತು. ಮೂರನೇ ಸಲ ಕುತ್ತಿಗೆಯನ್ನು ಬಲಕ್ಕೆ ವಾಲಿಸಿ, ಹೆಗಲು ತಗ್ಗಿಸಿದರು. ಪೇಟ ನಿಂತಿತು. ಸ್ಟಿಯರಿಂಗ್ ಹಿಡಿದು ಹಾಗೇ ಕೂತುಬಿಟ್ಟರು.

"ಇಂಗೆ ಕೂತಿದ್ದ ಕಣಮ್ಮ ನಮ್ಮಪ್ಪ" ಎಂದರು. "ನೆಟ್ಟಗಲ್ಲ. ಇಂಗೆ. ಪೇಟ ತೆಗೆಯಂಗಿಲ್ಲ, ಸಾಹುಕಾರನ ಮರ್ಯಾದೆ. ದಿನಾ ಮನೆಗೆ ಬಂದು ಕುತ್ತಿಗೆಗೆ ಎಣ್ಣೆ ಉಜ್ಜಿಸ್ಕೊಳ್ಳೋನು ಅವ್ವನ ಕೈಲಿ. ಯಾಕೆ ಅಂತ ನಾನು ಒಂದಿನಾನೂ ಕೇಳಲಿಲ್ಲ."

ಮೇಡಂ ಒಳಗಿನಿಂದ ನೀರು ತಂದುಕೊಟ್ಟರು. ಕುಡಿದು, ಕಾರಿಗೆ ತಾವೇ ಹೊದಿಕೆ ಹೊದಿಸಿ, ನಾಲ್ಕು ಮೂಲೆಯನ್ನೂ ಎಳೆದು ಸರಿಮಾಡಿ ಹೊರಟರು.

ಮನೆಗೆ ಬಂದು ಆಂಟಿಗೆ ಎಲ್ಲ ಹೇಳಿದರೆ ಆಂಟಿ ಸೊಪ್ಪು ಬಿಡಿಸುತ್ತ, "ಮಾವನಿಗೆ ಊಟಕ್ಕೆ ಕೂತ್ರೂ ಕುತ್ತಿಗೆ ಬಲಕ್ಕೇ ವಾಲಿರೋದು. ನಾನು ಈ ಮನೆಗೆ ಬಂದ ದಿನಾನೇ ನೋಡಿದ್ದೆ. ನನ್ನ ಕೇಳಿದ್ರೆ ಏಳ್ತಿದ್ದೆ. ಅದಕ್ಕೆ ವೈಟ್‌ಫೀಲ್ಡ್‌ಗೆ ಓಗಬೇಕಿತ್ತಾ?" ಎಂದರು. ಓನರ್ ಮೊದಲು ಪೆಚ್ಚಾದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಆ ಸಂಜೆಯೇ ಗುಂಪಿಗೆ ಬರೆಯಲು ನನ್ನನ್ನು ಕೂರಿಸಿಕೊಂಡರು. "ಬರಿ. ಕಿಟ್ ಸರಿ ಐತೆ. ನನ್ನ ನಕ್ಷೆ ತಪ್ಪು."

"ವಯಸ್ಸಾಗೇತಿ, ನೆನಪು ಕೈಕೊಟ್ಟಿತು ಅಂತ ಸೇರಿಸಲೇನ್ರಿ ಅಂಕಲ್?"

"ವಯಸ್ಸಿನ ತಲೆಮೇಲೆ ಯಾಕಮ್ಮ ಹಾಕ್ತೀಯ? ಕಾರು ಅಳೀದೇನೇ ಏಳ್ಬಿಟ್ಟೆ. ಅದನ್ನೇ ಬರಿ. ಕುಯ್ದಿರೋರ ಮನೆಗೆ ನಾನೇ ಬಂದು ಸರಿ ಮಾಡಿಕೊಡ್ತೀನಿ ಅಂತಾನೂ ಬರಿ."

ಹೇಳಿದಂತೆಯೇ ಮೂವರ ಮನೆಗೂ ಹೋದರು. ಇಬ್ಬರದು ಸುಲಭವಾಗಿ ಮುಗಿಯಿತು. ಮೂರನೆಯವನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಅಲ್ಲಿಗೆ ನಾನೂ ಜೊತೆಗೆ ಹೋಗಿದ್ದೆ. ಅವನು ಕಾರಿಗೆ ಬಣ್ಣವನ್ನೂ ಹಾಕಿ ಮುಗಿಸಿ, ಟೀವಿಯ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ. ತಿಳಿನೀಲಿ ಬಣ್ಣ, ಕನ್ನಡಿಯಂಥ ಹೊಳಪು.

"ಬಿಡಿ ಸಾರ್, ಹಂಗೇ ಚೆನ್ನಾಗಿದೆ" ಎಂದ.

"ಚೆನ್ನಾಗೈತೆ. ಸರಿಯಾಗಿಲ್ಲ."

ಅವನ ಮುಖ ಬಿಗಿಯಿತು. "ನೀವು ಹೇಳಿದ್ರಿ ಅಂತ ಕುಯ್ದೆ ಸಾರ್. ಬೇರೆ ಯಾರ್ ಹೇಳಿದ್ರೂ ಬ್ಲೇಡ್ ಇಡ್ತಿರಲಿಲ್ಲ. ಮೂರು ತಿಂಗಳು ಕೂತು ಮಾಡಿದೀನಿ. ಈಗ ಬಂದು ತಪ್ಪು ಅಂದ್ರೆ ಹೆಂಗೆ?"

ಓನರ್ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಅವನ ಮುಂದಿಟ್ಟರು. ಅದೇ ಕಾರಿನ ಇನ್ನೊಂದು ಕಿಟ್, ಸೀಲ್ ಒಡೆಯದ್ದು. ಅದು ಸಿಗಲು ಅವರು ಎಷ್ಟು ಕಾದಿದ್ದರೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಇದನ್ನ ತಗೊ. ನೀನು ಮಾಡಿದ್ದು ಅಂಗೇ ಇರಲಿ" ಎಂದರು. ಅವನು ಡಬ್ಬಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಅವರ ಕಡೆಗೇ ತಳ್ಳಿ, ಗಾಜಿನ ಪೆಟ್ಟಿಗೆ ಬಿಚ್ಚಿದ.

"ಕುಯ್ಯಿರಿ ಸಾರ್. ನಾನು ಹಿಡ್ಕೋತೀನಿ."

ಸಂಜೆಯವರೆಗೆ ಇಬ್ಬರೂ ತಲೆ ತಲೆ ತಾಗಿಸಿಕೊಂಡು ಕೂತರು. ಅವನ ಹೆಂಡತಿ ಚಿತ್ರಾನ್ನ ಮಾಡಿ ಹಾಕಿದಳು. ಚಾವಣಿ ತಗ್ಗಿದ ಮೇಲೆ ಅವನು ಕಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಆಚೆ ಈಚೆ ತಿರುಗಿಸಿ, "ಥೂ, ಇಷ್ಟು ದಿನ ಆಟೋ ಟಾಪ್ ಥರ ಇತ್ತಲ್ಲ ಸಾರ್!" ಎಂದ. ಬಸ್ಸಿನಲ್ಲಿ ವಾಪಸ್ ಬರುವಾಗ ಓನರ್ ಅದನ್ನೇ ನೆನೆದು ನೆನೆದು ನಗುತ್ತಿದ್ದರು.

ಇದಾಗಿ ನಾಲ್ಕೈದು ತಿಂಗಳಿರಬೇಕು. ನಮ್ಮ ಕಾರ್ಖಾನೆಗೆ ಬುಷ್, ಅಂದರೆ ನಡುವೆ ತೂತಿರುವ ಲೋಹದ ಬಳೆ, ಮಾಡಿಕೊಡುವ ಒಬ್ಬ ಸಣ್ಣ ಲೇತ್ ಶೆಡ್ಡಿನವನ ಮಾಲನ್ನು ನಾನು ಎರಡು ವಾರದಿಂದ ವಾಪಸ್ ಕಳಿಸುತ್ತಿದ್ದೆ. ತೂತು ದೊಡ್ಡದು ಎಂದು ನನ್ನ ತಕರಾರು. ಅವನು "ಸರಿ ಇದೆ ಮೇಡಂ" ಎಂದು ಗೋಗರೆಯುತ್ತಿದ್ದ, ನಾನು ಕೇಳುತ್ತಿರಲಿಲ್ಲ. ಪಾಪ, ಹೊಸದಾಗಿ ಮಾಡಿ ತರುತ್ತಿದ್ದ. ಅದನ್ನೂ ಕಳಿಸುತ್ತಿದ್ದೆ. ತೂತು ನೋಡಲು ನನ್ನ ಬಳಿ ಉಕ್ಕಿನ ಒಂದು ಗೇಜಿತ್ತು. ಅದರ ಒಂದು ತುದಿ ತೂತಿನೊಳಗೆ ಹೋಗಬಾರದು, ಹೋದರೆ ತೂತು ದೊಡ್ಡದೆಂದು ಅರ್ಥ. ಒಂದು ಬೆಳಿಗ್ಗೆ ಏನೋ ಅನುಮಾನ ಬಂದು ಆ ತುದಿಯನ್ನೇ ಅಳೆದೆ. ಬಳಸಿ ಬಳಸಿ ಸವೆದುಹೋಗಿತ್ತು. ಸರಿಯಾದ ತೂತಿಗೂ ಅದು ಹೋಗುತ್ತಿತ್ತು.

ಗೇಜು ಬದಲಾಯಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದಿನ ಮಾಲು ತಾನೇ ಪಾಸಾಗುತ್ತಿತ್ತು. ಅವನು, ಕೊನೆಗೂ ತನ್ನ ಕೆಲಸ ಸುಧಾರಿಸಿತು ಎಂದುಕೊಳ್ಳುತ್ತಿದ್ದ. ಮಧ್ಯಾಹ್ನದವರೆಗೆ ನಾನೂ ಹಾಗೇ ಮಾಡುವವಳಿದ್ದೆ. ಊಟದ ಡಬ್ಬಿ ತೆರೆದರೆ ಬೊಮ್ಮನಹಳ್ಳಿಯ ಆ ಗಾಜಿನ ಪೆಟ್ಟಿಗೆ ನೆನಪಾಗಿ, ಡಬ್ಬಿ ಮುಚ್ಚಿದೆ. ಮ್ಯಾನೇಜರಿಗೆ ವಿಷಯ ಹೇಳಿ, ಸವೆದ ಗೇಜನ್ನು ಕೈಯಲ್ಲೇ ಹಿಡಿದುಕೊಂಡು ಅವನ ಶೆಡ್ಡಿಗೆ ನಡೆದೆ.

"ತಪ್ಪು ನಂದರಿ" ಎಂದೆ. "ನಿಮ್ಮ ಮಾಲು ಮೊದಲಿಂದ ಸರಿ ಇತ್ತು."

ಅವನು ಲೇತ್ ನಿಲ್ಲಿಸಿ ನನ್ನ ಮೇಲೆ ಕೂಗಾಡಿದ. ಎರಡು ವಾರ ಮನೆಯವರ ಮುಖ ನೋಡಿಲ್ಲ ಎಂದ. ನಿಂತು ಕೇಳಿಸಿಕೊಂಡೆ. ಅವನ ಕೂಗಾಟ ಮುಗಿದ ಮೇಲೆ, ವಾಪಸ್ ಬಂದಿದ್ದ ಬುಷ್‌ಗಳನ್ನೆಲ್ಲ ಇಬ್ಬರೂ ಸೇರಿ ಹೊಸ ಗೇಜಿನಲ್ಲಿ ನೋಡಿ ಟ್ರೇಗೆ ತುಂಬಿದೆವು.

ಸಂಜೆ ಮನೆಗೆ ಬಂದಾಗ ಓನರ್ ಜಗುಲಿಯಲ್ಲಿ ಕೂತಿದ್ದರು. ಮೆಟ್ಟಿಲ ಮೇಲೇ ಕೂತು ನಡೆದದ್ದನ್ನೆಲ್ಲ ಹೇಳಿದೆ.

"ಎಷ್ಟು ಸವೆದಿತ್ತು?"

"ಇಪ್ಪತ್ತು ಮೈಕ್ರಾನ್ ರಿ. ಕೂದಲೆಳಿ ಕಾಲು ಭಾಗಾನೂ ಇಲ್ಲ."

"ಕಳ್ಸಿದ್ದ ಮಾಲೆಲ್ಲ ವಾಪಸ್ ತಗೊಂಡ್ಯಾ?"

"ಎಲ್ಲಾ ತಗೊಂಡೆ."

"ಬೈದ್ನಾ?"

"ಬೈದ ರಿ. ಚೆನ್ನಾಗೇ ಬೈದ."

"ಬೈಲಿ ಬಿಡು, ಅವನ ಪಾಲಿನದು ಅದು" ಎಂದು ಎದ್ದರು. "ಬಾ, ನಿಮ್ಮಾಂಟಿ ಮುದ್ದೆ ಉಪ್ಸಾರು ಮಾಡವ್ಳೆ. ಉಂಡು ಮೇಲೋಗು."

ಜೋಳದ ರೊಟ್ಟಿ ತಿಂದು ಬೆಳೆದ ನನಗೆ ರಾಗಿಮುದ್ದೆ ಎಂದರೆ ಗಂಟಲಲ್ಲೇ ನಿಲ್ಲುತ್ತಿತ್ತು. ನಾಲ್ಕು ವರ್ಷದಿಂದ ಆಂಟಿ ಹೇಳಿಕೊಟ್ಟರೂ ನುಂಗಲು ಬಂದಿರಲಿಲ್ಲ. ಆ ಸಂಜೆ ಓನರ್ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಿಸಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಸಲೀಸಾಗಿ ಇಳಿಯಿತು. ಇನ್ನೊಂದು ಹಾಕಿಸಿಕೊಂಡೆ.