ಪಿಚ್ಚರ್ ನೋಡಲು ಬಂದವರ ತಿಂಡಿ

ಬಿಸಿಲಿಗೆ ಕಾದ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಡವಡವ ಎನ್ನುತ್ತದೆ. ಬೇರೆಯವರಿಗೆ ಆ ವಾಸನೆಯಿಂದ ಚಳಿಗಾಲ ನೆನಪಾಗಬಹುದು, ಕುರಿಹಟ್ಟಿ ನೆನಪಾಗಬಹುದು. ನನಗೆ ನೆನಪಾಗುವುದು ದೆವ್ವ. ಮೊನ್ನೆ ಬ್ಯಾಡರಹಳ್ಳಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಂಬಳಿಯೊಂದನ್ನು ಬಿಸಿಲಿಗೆ ಹಾಕಿದ್ದೆ. ಮಧ್ಯಾಹ್ನ ತೆಗೆಯಲು ಹೋದವಳು ಅದರಲ್ಲಿ ಮುಖ ಹುದುಗಿಸಿ ಹಾಗೇ ನಿಂತುಬಿಟ್ಟೆ. ಕೆಳಗೆ ರಸ್ತೆಯ ಗದ್ದಲ ಎಂದಿನಂತೆ ನಡೆದೇ ಇತ್ತು. ನನ್ನ ಮುಚ್ಚಿದ ಕಣ್ಣಿನೊಳಗೆ ಮಾತ್ರ ರಾಜಾಜಿನಗರದ ಹಳೆಯ ಮನೆಯ ಹಾಲ್, ಕತ್ತಲೆ, ಬೆಳ್ಳುಳ್ಳಿ ಒಗ್ಗರಣೆಯ ಘಮ, ಪಕ್ಕದಲ್ಲಿ ನನ್ನ ತೋಳು ಚಿವುಟುತ್ತಾ ಕುಳಿತ ತಮ್ಮ ಮಂಜು. ನಿಮಗೂ ಇಂಥದ್ದೊಂದು ಮನೆ ಇದ್ದಿರಬೇಕು. ಅದಕ್ಕೇ ಹೇಳುತ್ತಿದ್ದೇನೆ.

ಆ ಕಂಬಳಿಯ ಕಥೆ ಹೇಳಬೇಕೆಂದರೆ ಅಜ್ಜಿಯ ಕಾನೂನಿನಿಂದಲೇ ಶುರು ಮಾಡಬೇಕು. ಅಪ್ಪನ ತಾಯಿ ದಾವಣಗೆರೆ ಕಡೆಯಿಂದ ಬರುವಾಗ ಪೆಟ್ಟಿಗೆ, ಪಾತ್ರೆಗಳ ಜೊತೆ ತಮ್ಮ ಕಾನೂನುಗಳನ್ನೂ ಗಂಟು ಕಟ್ಟಿಕೊಂಡು ಬಂದಿದ್ದರು. ಲಿಂಗ ಕಟ್ಟಿಕೊಂಡವರಿಗೆ ದೆವ್ವವಿಲ್ಲ, ಭೂತವಿಲ್ಲ, ಸತ್ತವರು ಶಿವನ ಪಾದ ಸೇರುತ್ತಾರೆ ಎನ್ನುವುದು ಮೊದಲನೆಯದು. ದೇವರ ಮುಂದೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ದೆವ್ವದ ಸುದ್ದಿ ಎತ್ತಬಾರದು ಎನ್ನುವುದು ಎರಡನೆಯದು. ದೆವ್ವವೇ ಇಲ್ಲದಿದ್ದರೆ ಎತ್ತಿದರೇನು ಎಂದು ಮಂಜು ಒಮ್ಮೆ ಕೇಳಿ ಬೈಸಿಕೊಂಡಿದ್ದ. ಹೀಗಾಗಿ ನಮ್ಮ ಮನೆಯಲ್ಲಿ ದೆವ್ವದ ಸಿನಿಮಾ ನೋಡುತ್ತಿದ್ದುದು ಭಾನುವಾರ ಮಟಮಟ ಮಧ್ಯಾಹ್ನ. ಊಟ ಮುಗಿದು ಅಜ್ಜಿ ದೇವರ ಕೋಣೆಯ ಪಕ್ಕದ ತಮ್ಮ ಕೋಣೆಗೆ ಹೋಗಿ ಜಪಕ್ಕೆ ಕುಳಿತದ್ದೇ ತಡ, ಗಿರಿಜತ್ತೆ ಸ್ಟೂಲ್ ಹತ್ತಿ ಪಡುವಣದ ಕಿಟಕಿಗೆ ಚಳ್ಳಕೆರೆಯ ಕರಿ ಕಂಬಳಿ ಹೊದಿಸುತ್ತಿದ್ದರು. ಹೊರಗೆ ಸೊಪ್ಪಿನವನ ಕೂಗು, ಎದುರು ಮನೆಯ ಆಂಟಿಯ ಕುಕ್ಕರ್ ಸೀಟಿ, ಒಳಗೆ ನಡುರಾತ್ರಿ. ಬಿಸಿಲು ಪಡುವಣಕ್ಕೆ ತಿರುಗಿದಂತೆ ಕಂಬಳಿ ಕಾದು ಆ ವಾಸನೆ ಹಾಲ್ ತುಂಬಾ ಹರಡುತ್ತಿತ್ತು.

ಗಿರಿಜತ್ತೆ ಅಪ್ಪನ ತಂಗಿ. ಬಸವೇಶ್ವರನಗರದ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿದ್ದರು. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ವಾಪಸು ಬಂದವರು ಎಂಬುದು ನಮಗೆ ಗೊತ್ತಿದ್ದರೂ ಅದನ್ನು ಯೋಚಿಸುವ ವಯಸ್ಸು ನಮ್ಮದಾಗಿರಲಿಲ್ಲ. ನಮ್ಮ ಪಾಲಿಗೆ ಅವರು ದೆವ್ವಗಳ ಅಡುಗೆಯವರು. ಯಾವ ಸಿನಿಮಾ ತಂದರೂ ಅದರ ದೆವ್ವಕ್ಕೆ ಹೊಂದುವ ತಿಂಡಿಯೇ ಆಗಬೇಕು. ಕೂದಲು ಬಿಟ್ಟುಕೊಂಡು ಬಿಳಿ ಸೀರೆಯಲ್ಲಿ ಓಡಾಡುವವಳಿದ್ದರೆ ಶಾವಿಗೆ ಉಪ್ಪಿಟ್ಟು. ಒಂದೊಂದು ಎಳೆಯನ್ನೂ ಎತ್ತಿ ತೋರಿಸಿ, "ನೋಡ್ರೋ, ತಲೆ ಬಾಚ್ಕೊಂಡಿಲ್ಲ ಇವ್ಳು" ಎನ್ನುತ್ತಿದ್ದರು. ಸೇಡು ತೀರಿಸಿಕೊಳ್ಳುವ ಹಾವು ಇದ್ದರೆ ಚಕ್ಕುಲಿ. ಕಣ್ಣುಗುಡ್ಡೆ ಹೊರಬಂದ ಭೂತವಿದ್ದರೆ ಪಡ್ಡು, ಮೇಲೆ ಕೆಂಪು ಚಟ್ನಿ. ಪಾಳುಬಂಗಲೆಯ ಕಥೆಗೆ ಮಾತ್ರ ಖಾರ ಮಂಡಕ್ಕಿ ಮತ್ತು ಮಿರ್ಚಿ. ಏಕೆಂದರೆ ಅಂಥ ಸಿನಿಮಾದಲ್ಲಿ ದೆವ್ವ ಬರುವುದೇ ತಡವಾಗಿ, ಅಲ್ಲಿಯವರೆಗೆ ಕಿರುಚಲು ಏನಾದರೂ ಬೇಕಲ್ಲ! ಮಿರ್ಚಿ ಕಚ್ಚಿದ ಮಂಜು ದೆವ್ವ ಬರುವ ಮೊದಲೇ ಹಾ ಹಾ ಎಂದು ನೀರಿಗೆ ಓಡುತ್ತಿದ್ದ. ಅಮ್ಮ ಬೇಳೆ ಆರಿಸುವ ನೆಪದಲ್ಲಿ ಮೊರ ಹಿಡಿದು ಬಾಗಿಲ ಬಳಿ ಕೂರುತ್ತಿದ್ದಳು. ಭಯವಾಗುವ ಕಡೆ ಬೇಳೆ ನೋಡುತ್ತಿದ್ದಳು.

ಆಗಿನ ಸಿನಿಮಾ ಎರಡು ಸಿಡಿಗಳಲ್ಲಿ ಬರುತ್ತಿತ್ತು. ಮೊದಲನೆಯದು ಮುಗಿದರೆ ಇಂಟರ್‌ವಲ್. ತಿಂಡಿ ಕೊಡುತ್ತಿದ್ದುದೂ ಆಗಲೇ. ಬೀದಿ ಮೂಲೆಯ ಸಿಡಿ ಅಂಗಡಿಯ ಅಣ್ಣ ಸ್ವಲ್ಪ ಮರೆವಿನ ಮನುಷ್ಯ. ಒಮ್ಮೆ ದೆವ್ವದ ಸಿನಿಮಾದ ಮೊದಲ ಸಿಡಿಯ ಜೊತೆ ಯಾವುದೋ ಭಕ್ತಿ ಚಿತ್ರದ ಎರಡನೆಯ ಸಿಡಿ ಹಾಕಿ ಕಳಿಸಿದ್ದ. ನಾವು ಪಡ್ಡು ಕೈಯಲ್ಲಿ ಹಿಡಿದು ಭೂತಕ್ಕೆ ಕಾಯುತ್ತಿದ್ದರೆ ಪರದೆಯ ಮೇಲೆ ಸಾಕ್ಷಾತ್ ಶಿವ ಪ್ರತ್ಯಕ್ಷನಾದ. ಶಂಖದ ಸದ್ದು ಕೇಳಿ ಅಜ್ಜಿ ಕೋಣೆಯಿಂದ ಹೊರಬಂದು, ಕತ್ತಲೆಯಲ್ಲೇ ಕೈಮುಗಿದು ಕುಳಿತು ಕೊನೆಯವರೆಗೂ ನೋಡಿದರು. "ಹೋಗ್ಲಿ ಬಿಡವ್ವ, ದೆವ್ವಕ್ಕೆ ಮುಕ್ತಿ ಸಿಕ್ತು" ಎಂದು ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ಈಗಲೂ ಕಿವಿಯಲ್ಲಿದೆ. ಅವರ ನಗುವಿಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಈ ಕೂಟದಲ್ಲಿ ಒಂದು ವಿಚಿತ್ರವಿತ್ತು. ನಮಗೆಲ್ಲ ತಿಂಡಿ ಹಂಚಿದ ಮೇಲೆ ಅತ್ತೆ ಇನ್ನೊಂದು ಸಣ್ಣ ತಟ್ಟೆಯನ್ನು ಟೀವಿಯ ಪಕ್ಕದ ಖಾಲಿ ಕುರ್ಚಿಯ ಮೇಲೆ ಇಡುತ್ತಿದ್ದರು. ಅದು ದೆವ್ವದ್ದು. ಆದರೆ ಸಿನಿಮಾ ಯಾವುದೇ ಇರಲಿ, ಆ ತಟ್ಟೆಯಲ್ಲಿ ಶಾವಿಗೆಯೂ ಇಲ್ಲ, ಚಕ್ಕುಲಿಯೂ ಇಲ್ಲ. ಬೆಲ್ಲ, ಕೊಬ್ಬರಿ ಕಲಸಿದ ಸಪ್ಪೆ ಮಂಡಕ್ಕಿ, ಅಷ್ಟೆ. "ಯಾಕತ್ತೆ, ದೆವ್ವಕ್ಕೆ ಮಿರ್ಚಿ ಬೇಡ್ವಾ?" ಎಂದು ಮಂಜು ಕೇಳಿದರೆ, "ಈ ದೆವ್ವಕ್ಕೆ ಖಾರ ಆಗಲ್ಲ ಕಣೋ, ಹೊಟ್ಟೆ ಉರಿಯುತ್ತೆ" ಎನ್ನುತ್ತಿದ್ದರು. ಸಿನಿಮಾ ಮುಗಿದ ಮೇಲೆ ಆ ಮಂಡಕ್ಕಿ ನಮಗೇ ಸಿಗುತ್ತಿತ್ತು. ಮೆತ್ತಗಾಗಿರುತ್ತಿತ್ತು, ಆದರೂ ಬೆಲ್ಲದ ಆಸೆಗೆ ನಾನೂ ಮಂಜುವೂ ಕಿತ್ತಾಡುತ್ತಿದ್ದೆವು.

ಆ ದೆವ್ವ ಯಾರೆಂದು ನನಗೆ ತಿಳಿದದ್ದು ಒಂದು ದೀಪಾವಳಿಯ ಅಮಾವಾಸ್ಯೆಯಂದು. ನಮ್ಮ ಕಡೆಯವರಿಗೆ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ಹಿರಿಯರ ಹಬ್ಬ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯಲ್ಲಿ ಬಡಿಸಿ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುವುದು. ಅಜ್ಜನ ಎಡೆಗೆ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಕೊನೆಗೆ ನಶ್ಯದ ಡಬ್ಬಿ ಕೂಡ. ಅಡುಗೆಯೆಲ್ಲ ಅತ್ತೆಯದೇ ಆಗಿರುತ್ತಿತ್ತು. ಆ ವರ್ಷ ಎಲೆ ಹಾಕುವ ಹೊತ್ತಿಗೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯನ್ನು ಮೆಲ್ಲಗೆ ಕೇಳಿದರು: "ಅವ್ವ, ಅವ್ರಿಗೂ ಒಂದು ಎಲೆ ಹಾಕ್ಲೇನು?"

ಅಜ್ಜಿ ಎಲೆ ಹಾಕುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅದೆಂಗೆ ಆಗುತ್ತೆ ಗಿರ್ಜಿ? ನಮ್ಮನೆಯಾಗೆ ನಮ್ಮ ಹಿರೇರಿಗೆ. ಅವ್ರ ಎಡೆ ಅವ್ರ ಮನೆಯಾಗೆ ಇಡ್ತಾರೆ."

"ಆ ಮನೇಲಿ ಈಗ ಯಾರಿದಾರವ್ವ? ಭಾವನೋರು ಎಲ್ಲಾ ಮಾರ್ಕೊಂಡು ಹೋದ್ಮೇಲೆ ಹಬ್ಬ ಮಾಡ್ತಾರೋ ಇಲ್ವೋ."

ಅಜ್ಜಿ ಎಲೆಗೆ ನೀರು ಚಿಮುಕಿಸಿ ಒರೆಸಿದರು. ಅಪ್ಪ ಪಂಚೆ ಸರಿಪಡಿಸಿಕೊಂಡರು. ಅತ್ತೆ ಒಳಗೆ ಹೋಗಿ ಹೋಳಿಗೆ ತಟ್ಟಲು ಕುಳಿತರು. ಅಂದು ಅಮ್ಮ ನನಗೆ ಪಿಸುಮಾತಿನಲ್ಲಿ ಉಳಿದದ್ದನ್ನು ಹೇಳಿದಳು. ಮದುವೆಯಾದ ಹೊಸದರಲ್ಲಿ ಅತ್ತೆ, ಮಾಮ ಬಿನ್ನಿಪೇಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಮಾಮನಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ, ಆದರೆ ಅವರಷ್ಟು ಪುಕ್ಕಲರು ಇನ್ನೊಬ್ಬರಿಲ್ಲ. ಟಾಕೀಸಿನಲ್ಲಿ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು, ಹೆಂಡತಿ ಕಟ್ಟಿಕೊಂಡು ಬಂದ ಬೆಲ್ಲದ ಮಂಡಕ್ಕಿ ತಿನ್ನುತ್ತಾ ನೋಡುತ್ತಿದ್ದರಂತೆ. ಕಾಮಾಲೆಯಾಗಿ ಹೋದಾಗ ಅವರಿಗಿನ್ನೂ ಸಣ್ಣ ವಯಸ್ಸು. ಇದನ್ನು ಕೇಳಿದಾಗ ನನಗೆ ಅಳು ಬರಲಿಲ್ಲ, ಭಯವಾಯಿತು. ಇಷ್ಟು ದಿನ ನಾನು ಕಿತ್ತಾಡಿ ತಿಂದದ್ದು ಮಾಮನ ಪಾಲು ಎನ್ನುವುದೊಂದೇ ತಲೆಯಲ್ಲಿ ಕೂತಿತು.

ಊಟವಾದ ಮೇಲೆ ಅತ್ತೆ ಸ್ಟೂಲ್ ತಂದು ಕಂಬಳಿ ಕಟ್ಟಿದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಅಮಾವಾಸ್ಯೆಯ ದಿನ ದೆವ್ವದ ಸಿನಿಮಾ! ಅಪ್ಪ ಏನೋ ಹೇಳಲು ಹೋದವರು ತಂಗಿಯ ಮುಖ ನೋಡಿ ಸ್ಟೂಲ್ ತೆಗೆದು ಪಕ್ಕಕ್ಕಿಟ್ಟರು. ಪಾಳುಬಂಗಲೆಯ ಸಿನಿಮಾ. ಅತ್ತೆ ಅಂದು ತಮಾಷೆ ಮಾಡಲಿಲ್ಲ, ಕಿರುಚಲೂ ಇಲ್ಲ. ಮೊದಲ ಸಿಡಿ ಮುಗಿದರೂ ಎದ್ದು ಹೋಗದೆ ಗೋಡೆಗೆ ಒರಗಿ ಕುಳಿತೇ ಇದ್ದರು. ಅಮ್ಮನೇ ಎದ್ದು ಖಾರ ಮಂಡಕ್ಕಿ ಹಂಚಿ, ಅಭ್ಯಾಸದಂತೆ ಒಂದು ತಟ್ಟೆಗೆ ಅದನ್ನೇ ಹಾಕಿ, ಮೇಲೊಂದು ಮಿರ್ಚಿ ಇಟ್ಟು ಆ ಕುರ್ಚಿಯ ಮೇಲಿಟ್ಟಳು. ಪಾಪ, ಅಂದು ಅವಳ ತಲೆಯೂ ನೆಟ್ಟಗಿರಲಿಲ್ಲ.

ಆಗ ಅಜ್ಜಿ ಬಂದರು. ಹಣೆಯ ವಿಭೂತಿ ಕತ್ತಲೆಯಲ್ಲೂ ಕಾಣುತ್ತಿತ್ತು. ಕೈಯಲ್ಲಿ ಒಂದು ತಟ್ಟೆ. ಕುರ್ಚಿಯ ಮೇಲಿದ್ದ ಮಿರ್ಚಿಯ ತಟ್ಟೆಯನ್ನು ತೆಗೆದು ಮಂಜುವಿನ ಕೈಗೆ ಕೊಟ್ಟು, ತಾವು ತಂದದ್ದನ್ನು ಅಲ್ಲಿಟ್ಟರು. ಬೆಲ್ಲ ಹೆಚ್ಚಾಗಿಯೇ ಕಲಸಿದ ಮಂಡಕ್ಕಿ, ಪಕ್ಕದಲ್ಲಿ ಒಂದು ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ.

"ಅಳಿಯಂದ್ರು ಖಾರ ಮುಟ್ತಿರ್ಲಿಲ್ಲ" ಎಂದರು. ಆಮೇಲೆ ಯಾರೋ ಆಕ್ಷೇಪಿಸಿದರೇನೋ ಎಂಬಂತೆ ಜೋರಾಗಿಯೇ, "ಇದೇನು ಎಡೆ ಅಲ್ಲ. ಪಿಚ್ಚರ್ ನೋಡಾಕೆ ಬಂದೋರಿಗೆ ತಿಂಡಿ" ಎಂದು ಸೇರಿಸಿದರು.

ಅತ್ತೆ ಪಕ್ಕದಲ್ಲಿ ಬಂದು ಕುಳಿತ ಅಜ್ಜಿಯ ಮಡಿಲಿಗೆ ತಲೆ ಹಾಕಿ ಅತ್ತರು. ಅದಕ್ಕೂ ಸದ್ದಿರಲಿಲ್ಲ. ಅಜ್ಜಿ ಅವರ ಬೆನ್ನು ಸವರುತ್ತಾ, "ಮುಂದಿಂದು ಹಾಕೋ ಮಂಜ, ಪಾಪ, ಕಾಯ್ತಿರ್ತಾರೆ" ಎಂದರು. ಮಂಜು ಮಿರ್ಚಿಯ ತಟ್ಟೆ ಕೆಳಗಿಟ್ಟು ಎರಡನೆಯ ಸಿಡಿ ಹಾಕಿದ. ನಾವೆಲ್ಲ ಆ ಕುರ್ಚಿಯನ್ನು ನೋಡದೆ ಟೀವಿ ನೋಡಿದೆವು. ಅಂದಿನಿಂದ ನನಗೆ ಸಿನಿಮಾದ ದೆವ್ವಗಳ ಭಯ ಹೋಯಿತು. ಅತ್ತೆ ಅಷ್ಟು ಆಸೆಯಿಂದ ಕರೆಯುತ್ತಿದ್ದುದೇ ಒಂದನ್ನು, ಅದೂ ಬರುತ್ತಿರಲಿಲ್ಲ.

ಈಗ ಆ ಮನೆಯಿಲ್ಲ. ಅಜ್ಜಿ ಹೋದ ಮೇಲೆ ಪಾಲಾಗಿ, ಮಾರಾಟವಾಗಿ, ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಟ್ಯೂಷನ್ ಸೆಂಟರ್. ನಮ್ಮ ಪಡುವಣದ ಕಿಟಕಿ ಎಲ್ಲಿತ್ತು ಎಂದು ಗುರುತು ಹಿಡಿಯಲು ರಸ್ತೆಯಾಚೆ ನಿಂತು ಎಷ್ಟು ನೋಡಿದರೂ ಆಗಲಿಲ್ಲ. ಅಪ್ಪ, ಅಮ್ಮ ಮಂಜುವಿನ ಜೊತೆ ಮಹಾಲಕ್ಷ್ಮಿ ಲೇಔಟಿನಲ್ಲಿದ್ದಾರೆ. ಅತ್ತೆಯೂ ಅಲ್ಲೇ ಇದ್ದರು, ಮೂರು ವರ್ಷದ ಹಿಂದೆ ಅಲ್ಲೇ ತೀರಿಕೊಂಡರು. ಹಿರಿಯರ ಹಬ್ಬಕ್ಕೆ ಮಂಜು ಅಜ್ಜ, ಅಜ್ಜಿಗೆ ಎಲೆ ಹಾಕುತ್ತಾನೆ. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣುಮಗಳಿಗೆ ಅಲ್ಲಿ ಎಲೆಯಿಲ್ಲ. ಅವರು ಸೇರಿದ ಮನೆ ಎಲ್ಲಿದೆಯೋ ಯಾರಿಗೂ ತಿಳಿಯದು. ನನ್ನ ಮನೆಯಲ್ಲಿ ಎಡೆ ನನ್ನ ಗಂಡನ ಹಿರಿಯರಿಗೆ. ಹೀಗೆ ಊರಿನ ದೆವ್ವಗಳಿಗೆಲ್ಲ ತಿಂಡಿ ಮಾಡಿ ಬಡಿಸಿದ ಗಿರಿಜತ್ತೆಗೆ ಈ ಬೆಂಗಳೂರಿನಲ್ಲಿ ಎಲ್ಲೂ ಒಂದು ಎಲೆಯಿಲ್ಲ. ಯಾರ ಹತ್ತಿರ ಜಗಳವಾಡುವುದು?

ಈ ಸಲ ನನ್ನ ಮಗಳು ಸಿರಿ ಹ್ಯಾಲೋವೀನ್ ಎಂದು ಶುರು ಹಚ್ಚಿಕೊಂಡಳು. ಅಪಾರ್ಟ್‌ಮೆಂಟಿನ ಗೆಳತಿಯರನ್ನು ಕರೆದು ಮನೆಯಲ್ಲೇ ಹಾರರ್ ಸಿನಿಮಾ ನೋಡುವುದಂತೆ, ಸಿನಿಮಾಕ್ಕೆ ತಕ್ಕ ಸ್ನ್ಯಾಕ್ಸ್ ಇರಬೇಕಂತೆ. ಮೊಬೈಲಿನಲ್ಲಿ ಬಾಳೆಹಣ್ಣಿನ ದೆವ್ವ, ಬಿಸ್ಕತ್ತಿನ ಗೋರಿ ಎಲ್ಲ ತೋರಿಸಿದಳು. ನನಗೆ ನಗು ಬಂತು. ಇದನ್ನೆಲ್ಲ ನಿನಗಿಂತ ಮೊದಲು ಮಾಡಿದವರೊಬ್ಬರಿದ್ದರು ಎಂದು ಅತ್ತೆಯ ವಿಷಯ ಹೇಳಿದೆ. ಶಾವಿಗೆಯ ಕೂದಲು, ಪಡ್ಡಿನ ಕಣ್ಣು ಎಲ್ಲ ಕೇಳಿ ಅವಳು ಕುಣಿದಾಡಿದಳು. ಮಾಮನ ಕಥೆಯನ್ನೂ, ಅತ್ತೆಗೆ ಈಗ ಯಾರ ಮನೆಯಲ್ಲೂ ಎಲೆಯಿಲ್ಲದ್ದನ್ನೂ ಹೇಳಿದೆ, ಗಂಭೀರವಾಗಿ ಕೇಳಿಸಿಕೊಂಡಳು. ಹ್ಯಾಲೋವೀನ್ ದಿನ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದೆವು. ಇದ್ದಕ್ಕಿದ್ದಂತೆ ಅವಳು ತಲೆಯೆತ್ತಿ, "ಅಮ್ಮಾ, ಇವತ್ತು ಗಿರಿಜಜ್ಜೀನ ಕರೆಯೋಣ. ಅವ್ರು ಯಾರ್ ಮನೆಗೂ ಹೋಗೋ ಹಾಗಿಲ್ಲ ಅಂದ್ಯಲ್ಲ, ನಮ್ಮನೆಗೆ ಬರ್ಲಿ" ಎಂದಳು.

ಆಗಲಿ ಎಂದು ತಲೆಯಾಡಿಸಿದೆ.

"ಅವ್ರಿಗೇನು ಮಾಡೋಣ? ಅವ್ರಿಗೆ ಏನಿಷ್ಟ ಇತ್ತು?"

ಹೇಳಲು ಬಾಯಿ ತೆರೆದೆ. ಅಜ್ಜನಿಗೆ ಎಣ್ಣೆಗಾಯಿ, ಮಾಮನಿಗೆ ಬೆಲ್ಲದ ಮಂಡಕ್ಕಿ, ಮಂಜುವಿಗೆ ಪಡ್ಡು, ನನಗೆ ಚಕ್ಕುಲಿ. ಅತ್ತೆಗೆ? ಮುರಿದ ಚಕ್ಕುಲಿ ತಿನ್ನುತ್ತಿದ್ದರು. ತಳ ಹತ್ತಿದ ಪಡ್ಡು ತಿನ್ನುತ್ತಿದ್ದರು. ಬಾಣಲೆಯಲ್ಲಿ ಅಂಟಿ ಉಳಿದ ಶಾವಿಗೆಯನ್ನು ಕೆರೆದುಕೊಂಡು ನಿಂತಲ್ಲೇ ತಿನ್ನುತ್ತಿದ್ದರು. ಎಷ್ಟು ನೆನಪಿಸಿಕೊಂಡರೂ ಅವರು ಇದು ನನಗಿಷ್ಟ ಎಂದು ತಟ್ಟೆಗೆ ಹಾಕಿಕೊಂಡದ್ದು ಒಂದೂ ಕಣ್ಣಿಗೆ ಬರಲಿಲ್ಲ. ಕೈ ತೊಳೆದುಕೊಂಡು ಅಪ್ಪನಿಗೆ ಫೋನ್ ಮಾಡಿದೆ. ಅಮ್ಮನನ್ನೂ ಕರೆದು ಕೇಳಿದರು.

"ಉಳಿದಿದ್ದು ತಿಂತಿದ್ಲು ಕಣಮ್ಮ" ಎಂದರು ಅಪ್ಪ ಕೊನೆಗೆ. "ನಾವ್ಯಾರೂ ಕೇಳ್ಲೇ ಇಲ್ಲ."

ಗೊತ್ತಿದ್ದವರು ಮಾಮ ಒಬ್ಬರೇ ಇದ್ದಿರಬೇಕು. ಟಾಕೀಸಿನಿಂದ ಬರುವಾಗ ದಾರಿಯಲ್ಲಿ ಏನು ಕೊಡಿಸಿದರೆ ಈ ಹುಡುಗಿಯ ಮುಖ ಅರಳುತ್ತದೆಂದು ಅವರಿಗೆ ಗೊತ್ತಿದ್ದಿರಬೇಕು. ಅದನ್ನು ಯಾರಿಗೂ ಹೇಳದೆ ಅವರು ಹೋಗಿಬಿಟ್ಟಿದ್ದರು. ಹೊರಗೆ ಕಾಲಿಂಗ್ ಬೆಲ್ ಆಗುತ್ತಿತ್ತು, ಗೆಳತಿಯರು ಬಂದಿದ್ದರು. ಸಿರಿ ಬಾಗಿಲಿಗೆ ಓಡದೆ, ಹಿಟ್ಟಿನ ಕೈಯಲ್ಲೇ ನನ್ನ ಕುರ್ತಾ ಹಿಡಿದು ಎಳೆಯುತ್ತಿದ್ದಳು. "ಬೇಗ ಹೇಳಮ್ಮಾ, ಗಿರಿಜಜ್ಜಿ ಬಂದ್ಬಿಡ್ತಾರೆ. ಏನಿಷ್ಟ?"